ನೀರಿನ ಮಾತು, ಮಾತಿನ ಧಾಟಿ

(ಕಾಲುವೆ ಅಚ್ಚುಕಟ್ಟಿನ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಯಾವ ಬೆಳೆಗೆ ಎಷ್ಟು ಗೊಬ್ಬರ, ಯಾವ ರೋಗಕ್ಕೆ ಯಾವ ಔಷಧಿ ಎಂದು ಹೇಳುವುದು ನಮ್ಮಂಥವರ ರೂಢಿ. ಈ ದಿನ ಮಾತಿನ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಏಕೆಂದರೆ ನಮ್ಮ ತುಮಕೂರು ಜಿಲ್ಲೆಯಲ್ಲಿ ನೀರಿನ ಚರ್ಚೆ ಎಷ್ಟೋ ಸಲ ನೀರಿನ ಲೆಕ್ಕಕ್ಕೆ ಬರುವ ಮೊದಲೇ ಜಗಳವಾಗಿ ಮುಗಿದುಹೋಗುತ್ತದೆ.

"ಏನಪ್ಪಾ, ನಿಮ್ಮ ಕಡೆ ನೀರು ಬಂತಾ?" ಸಂತೆಯಲ್ಲಿ ಸಿಕ್ಕ ನೆಂಟರು ಹೀಗೆ ಕೇಳಿದರೆ ಅದು ಕ್ಷೇಮಸಮಾಚಾರ. ಕಾಲುವೆ ಏರಿಯ ಮೇಲೆ ನಿಂತು, ಕೊನೆಯ ಪದವನ್ನು ಎಳೆದು ಕೇಳಿದರೆ ಅದೇ ಮಾತು ಆರೋಪ. ಪದ ಬದಲಾಗಿಲ್ಲ, ಧಾಟಿ ಬದಲಾಗಿದೆ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಗುಬ್ಬಿಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನಟನು ಬೇಕೆಂದೇ ಧಾಟಿ ಬದಲಿಸುತ್ತಾನೆ. ಸಭೆಯಲ್ಲಿ ಕುಳಿತ ನಮಗೆ ನಮ್ಮ ದನಿ ಏರಿದ್ದು ಗೊತ್ತಾಗುವುದೇ ಇಲ್ಲ, ಎದುರಿನವರದು ಮಾತ್ರ ಕೇಳಿಸುತ್ತದೆ.

ಈಗ ನಮ್ಮದೇ ಉದಾಹರಣೆಗೆ ಬರೋಣ. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಗೊರೂರಿನ ಹೇಮಾವತಿ ಜಲಾಶಯದಿಂದ ನಮಗೆ ನೀರು ಬರುವುದು ಬಾಗೂರು-ನವಿಲೆ ಸುರಂಗದ ಮೂಲಕ. ಅಲ್ಲಿಂದ ಮುಂದೆ ನಾಲೆಯ ಹಾದಿಯಲ್ಲಿ ಕುಣಿಗಲ್‌ಗಿಂತ ಮೊದಲೇ ಗುಬ್ಬಿ ಸಿಗುತ್ತದೆ, ಕುಣಿಗಲ್ ತುದಿಯಲ್ಲಿದೆ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೇರವಾಗಿ ಪೈಪಿನಲ್ಲಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಯೋಜನೆ ಬಂದಾಗ ಏನಾಯಿತೆಂಬುದು ನಿಮಗೆ ತಿಳಿದೇ ಇದೆ. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ನಿಷೇಧಾಜ್ಞೆಯ ನಡುವೆಯೂ ದೊಡ್ಡ ಪ್ರತಿಭಟನೆ ನಡೆಯಿತು. ಯೋಜನೆ ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ಎರಡೂ ಕಡೆಯ ದನಿಯ ಹಿಂದೆ ಏನಿದೆ ಎಂಬುದನ್ನು ಮಾತ್ರ ನೋಡೋಣ.

ಗುಬ್ಬಿಯ ತೆಂಗು ಬೆಳೆಗಾರರ ಸಿಟ್ಟಿನ ಒಳಗೆ ಇರುವುದು ಭಯ. ತೆಂಗಿಗೆ ಒಂದು ಬೇಸಿಗೆ ನೀರು ತಪ್ಪಿದರೆ ಹರಳು ಉದುರುವುದಷ್ಟೇ ಅಲ್ಲ, ಆ ಪೆಟ್ಟು ಮುಂದಿನ ಎರಡು ಮೂರು ವರ್ಷಗಳ ಇಳುವರಿಯಲ್ಲೂ ಕಾಣುತ್ತದೆ. ಇಪ್ಪತ್ತು ವರ್ಷ ಸಾಕಿದ ಮರವನ್ನು ರಾಗಿಯಂತೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಲಾಗುವುದಿಲ್ಲ. ಕುಣಿಗಲ್ ರೈತರ ಸಿಟ್ಟಿನ ಒಳಗೆ ಇರುವುದು ಕಾದು ಕಾದು ಬಂದ ಬೇಸರ. ನಾಲೆಯ ತುದಿಯಲ್ಲಿರುವವರಿಗೆ ಕಾಗದದ ಮೇಲಿನ ಪಾಲು ಬೇರೆ, ಕೆರೆಗೆ ಬಂದ ನೀರು ಬೇರೆ. ಭಯಪಟ್ಟವರು "ಕಳ್ಳರು" ಎನ್ನುತ್ತಾರೆ, ಬೇಸತ್ತವರು "ಹೊಟ್ಟೆಕಿಚ್ಚು" ಎನ್ನುತ್ತಾರೆ. ಈ ಎರಡು ಪದ ಹೊರಬಿದ್ದ ಮೇಲೆ ಭಯವೂ ಬೇಸರವೂ ಯಾರಿಗೂ ಕೇಳಿಸುವುದಿಲ್ಲ. ಒಂದೇ ಜಿಲ್ಲೆಯವರು, ಹೆಣ್ಣು ಕೊಟ್ಟು ತಂದವರು, ಒಬ್ಬರನ್ನೊಬ್ಬರು ಶತ್ರುಗಳಂತೆ ಕಾಣುತ್ತಾರೆ.

ಸಿಟ್ಟು ಬಂದವರನ್ನು "ಮೊದಲು ಸಮಾಧಾನವಾಗಿ ಮಾತಾಡಿ" ಎನ್ನುವುದೂ ಪರಿಹಾರವಲ್ಲ. ಗದ್ದೆಗೆ ನೀರು ಬಂದವರಿಗೆ ಸಮಾಧಾನ ಸುಲಭ. ಒಣಗಿದ ತೋಟದವರು ದನಿ ಏರಿಸಿದರೆ ಅದೂ ಒಂದು ವರದಿಯೇ. ಹಾಗೆಯೇ ಮೆತ್ತನೆಯ ದನಿಯೂ ಮೋಸ ಮಾಡಬಹುದು. ಅಧಿಕಾರಿಗಳು ಮೃದುವಾಗಿ "ನೋಡೋಣ" ಎಂದರೆ ರೈತರು "ಆಯಿತು" ಎಂದು ತಿಳಿಯುತ್ತಾರೆ. ಮುಂದಿನ ಸಭೆಯಲ್ಲಿ ಅದೇ "ನೋಡೋಣ" ಮಾತಿಗೆ ತಪ್ಪಿದ್ದಾಗುತ್ತದೆ.

ಹಿಂದೆ ನಮ್ಮ ಕೆರೆಗಳಲ್ಲಿ ತೂಬು ತೆಗೆದು ಗದ್ದೆಗದ್ದೆಗೆ ನೀರು ಬಿಡುವ ಕೆಲಸ ನೀರುಗಂಟಿಯದಾಗಿತ್ತು. ಅವರ ಕೆಲಸ ನಿಂತಿದ್ದು ಸರದಿಯ ಮೇಲೆ: ಇಂಥವರಿಗೆ ಇಷ್ಟು ಹೊತ್ತು. ಆಮೇಲೆ ಜಗಳ ಬಂದರೂ ಅದು ಹೊತ್ತಿನ ಬಗ್ಗೆ ಬರುತ್ತಿತ್ತು, ಲೆಕ್ಕ ಹಾಕಿ ತೀರಿಸಬಹುದಾಗಿತ್ತು. ಇಂದೂ ನೀರು ಬಳಕೆದಾರರ ಸಂಘಗಳ ಸಭೆಯಲ್ಲಿ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ: "ನಿಮ್ಮ ಭಯ ಇದು ತಾನೇ?" ಅವರು "ಹೌದು" ಎಂದ ಮೇಲೆಯೇ ನಿಮ್ಮ ಮಾತು ಶುರುವಾಗಲಿ.

2. ಆರೋಪವನ್ನು ಪ್ರಶ್ನೆಯಾಗಿ ತಿರುಗಿಸಿ. "ನೀರು ಕದಿಯುತ್ತಾರೆ" ಎಂಬುದಕ್ಕೆ ಉತ್ತರವಿಲ್ಲ. "ನಾಲೆಯಲ್ಲಿ ನೀರು ಕಡಿಮೆಯಾದ ದಿನ ಪೈಪಿಗೆ ಎಷ್ಟು ಬಿಡುತ್ತೀರಿ, ಅಳೆಯುವವರು ಯಾರು?" ಎಂಬುದಕ್ಕೆ ಉತ್ತರ ಕೊಡಲೇಬೇಕು.

3. ಅಂಕಿಗಳನ್ನು ಎಲ್ಲರಿಗೂ ಬಿಡಿಸಿ ಹೇಳಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ. ಸಾವಿರ ಕ್ಯೂಸೆಕ್ ನೀರು ಹಗಲಿರುಳು ಹರಿದರೆ ಒಂದು ಟಿ.ಎಂ.ಸಿ. ಆಗಲು ಹನ್ನೊಂದೂವರೆ ದಿನ ಬೇಕು. ಇದು ತಿಳಿಯದಿದ್ದರೆ "ಸಾವಿರ" ಎಂಬ ಪದವೇ ಒಬ್ಬರಿಗೆ ಸಮುದ್ರ, ಇನ್ನೊಬ್ಬರಿಗೆ ಬೊಗಸೆ.

4. ದನಿ ಏರಿತೆಂದು ಸಭೆ ಮುರಿಯಬೇಡಿ. ಹತ್ತು ನಿಮಿಷ ಬಿಡುವು ಕೊಟ್ಟು ಮತ್ತೆ ಕೂರಿರಿ. ಮೊದಲು ನಾಲೆಯ ತುದಿಯವರಿಗೆ ಮಾತು ಕೊಡಿ.

5. "ನೋಡೋಣ" ಎಂದವರಿಂದ ತಾರೀಖು ಕೇಳಿ ಬರೆದುಕೊಳ್ಳಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳಿದ್ದೀರಿ. ಮಾತು ಬಲ್ಲವನೆಂದರೆ ಸಿಹಿಯಾಗಿ ಮಾತನಾಡುವವನೆಂದು ಅರ್ಥವಲ್ಲ. ಎದುರಿನವರ ಸಿಟ್ಟಿನಲ್ಲಿ ಅಡಗಿದ ಪ್ರಶ್ನೆಯನ್ನು ಹುಡುಕಿ, ಅದಕ್ಕೆ ಉತ್ತರ ಕೊಡುವವನು ಎಂದು ಅರ್ಥ. ಹೀಗೆ ಮಾತನಾಡಿದರೆ ನೀರು ಒಂದು ಹನಿಯೂ ಹೆಚ್ಚಾಗುವುದಿಲ್ಲ, ನಿಜ. ಆದರೆ ಇರುವ ನೀರನ್ನು ಹಂಚಿಕೊಳ್ಳಲು ಮುಂದಿನ ವರ್ಷವೂ ಇದೇ ಜನ ಇದೇ ನಾಲೆಯ ಮೇಲೆ ಸೇರಬೇಕು. ಅವರು ಒಬ್ಬರ ಮಾತನ್ನೊಬ್ಬರು ಕೇಳುವ ಸ್ಥಿತಿಯಲ್ಲಿ ಉಳಿದಿರಬೇಕು.