ನಿರ್ಧಾರ ಅವರದಾಗಲಿ



ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ ರಾಬರ್ಟ್ಸ್ ಎಂಬ ಹುಡುಗನಿದ್ದ. 1953ರಲ್ಲಿ, ಅವನಿಗೆ 14 ವರ್ಷವಾಗಿದ್ದಾಗ ಪೋಲಿಯೊ ಬಡಿಯಿತು. ಲಸಿಕೆ ಜನರ ಕೈಗೆ ಬಂದದ್ದು 1955ರಲ್ಲಿ. ಎರಡೇ ವರ್ಷದ ಅಂತರದಲ್ಲಿ ಅದು ಅವನಿಗೆ ತಪ್ಪಿತು, ಅವನ ಮೈ ಸೋತುಹೋಯಿತು. ಕತ್ತಿನಿಂದ ಕೆಳಗೆ ಕೈಯ ಎರಡು ಬೆರಳು, ಕಾಲಿನ ಕೆಲವು ಬೆರಳು ಬಿಟ್ಟರೆ ಬೇರೇನೂ ಅಲುಗದು. ಉಸಿರಾಡಲು ಐರನ್ ಲಂಗ್ ಎಂಬ ಯಂತ್ರ ಬೇಕು. ಉಕ್ಕಿನ ದೊಡ್ಡ ಪೀಪಾಯಿಯಂಥ ಅದರೊಳಗೆ ಮೈಯೆಲ್ಲ, ಹೊರಗೆ ತಲೆ ಮಾತ್ರ. ಈ ಮಗು ಬದುಕುವುದಕ್ಕಿಂತ ಹೋಗಿಬಿಡುವುದೇ ವಾಸಿ ಎಂಬರ್ಥದ ಮಾತನ್ನು ವೈದ್ಯರೊಬ್ಬರು ಅವನ ತಾಯಿಗೆ ಹೇಳಿದ್ದರು. ಅದು ಅವನ ಕಿವಿಗೂ ಬಿತ್ತು.

ಹುಡುಗ ಊಟ ಬಿಟ್ಟ. ಮೈಯಲ್ಲಿ ಯಾವುದೂ ತನ್ನ ಮಾತು ಕೇಳದಿದ್ದಾಗ, ಉಣ್ಣುವುದೋ ಬಿಡುವುದೋ ಎಂಬುದೊಂದೇ ಅವನ ಪಾಲಿಗೆ ಉಳಿದಿದ್ದ ತೀರ್ಮಾನ. ಸದಾ ಪಕ್ಕದಲ್ಲಿದ್ದು ಬಲವಂತ ಮಾಡುತ್ತಿದ್ದ ದಾದಿಯರಲ್ಲಿ ಕೊನೆಯವರೂ ಹೋದ ಮೇಲೆ, ಯಾರೂ ಹೇಳದೆ ಅವನೇ ಉಣ್ಣತೊಡಗಿದ. ಬದುಕಬೇಕೆಂದು ತಾನೇ ನಿಶ್ಚಯಿಸಿದ. ನನಗೆ ಈ ಕಥೆಯಲ್ಲಿ ಬಹಳ ದೊಡ್ಡದಾಗಿ ಕಾಣುವುದು ಈ ಗಳಿಗೆ.

ತಾಯಿ ಜೋನಾ ಗಟ್ಟಿ ಹೆಂಗಸು. ಮನೆಯಿಂದಲೇ ಫೋನಿನ ಮೂಲಕ ಪಾಠ ಕೇಳುತ್ತಿದ್ದ ಮಗನನ್ನು ಒತ್ತಾಯದಿಂದ ಶಾಲೆಗೂ ಕರೆದೊಯ್ದರು. ವಾಹನ ಚಾಲನೆ, ದೈಹಿಕ ಶಿಕ್ಷಣ ಎರಡರಲ್ಲೂ ತೇರ್ಗಡೆಯಾಗಿಲ್ಲವೆಂದು ಶಾಲೆಯವರು ಸರ್ಟಿಫಿಕೇಟ್ ಕೊಡಲು ಒಪ್ಪದಿದ್ದಾಗ ಹೋರಾಡಿ ಪಡೆದುಕೊಂಡರು. 1962ರಲ್ಲಿ ಎಡ್ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದ. ಓದಿಗೆ ಹಣ ಕೊಡಬೇಕಿದ್ದ ರಾಜ್ಯದ ಪುನರ್ವಸತಿ ಇಲಾಖೆ, ಈತ ಎಂದೂ ದುಡಿಯಲಾರ, ಹಣ ವ್ಯರ್ಥ ಎಂದು ಮೊದಲು ಕೈಚೆಲ್ಲಿತ್ತು. ವಿಷಯ ಪತ್ರಿಕೆಗಳಿಗೆ ಹೋದ ಮೇಲೆ ಒಪ್ಪಿಕೊಂಡಿತು. ಆ ಭಾರದ ಯಂತ್ರವನ್ನು ತಡೆಯುವ ಹಾಸ್ಟೆಲ್ ಸಿಗದೆ, ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ವಾರ್ಡೇ ಅವನ ಕೋಣೆಯಾಯಿತು.

ಮುಂದಿನ ವರ್ಷಗಳಲ್ಲಿ ಅವನಂಥ ಇನ್ನೂ ಹಲವರು ಆ ಆಸ್ಪತ್ರೆಗೆ ಬಂದು ಸೇರಿದರು. ಒಟ್ಟಿಗೆ ಕೂತು ಮಾತಾಡುತ್ತ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ನಾವು ರೋಗಿಗಳಲ್ಲ, ನಮಗೇಕೆ ಆಸ್ಪತ್ರೆ? ನಮಗೆ ಬೇಕಾದದ್ದು ಮೆಟ್ಟಿಲಿಲ್ಲದ ಬಾಡಿಗೆ ಮನೆ, ಕೆಟ್ಟ ಗಾಲಿಕುರ್ಚಿಯನ್ನು ಕೂಡಲೇ ರಿಪೇರಿ ಮಾಡಿಕೊಡುವವರು, ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸಿ ಬಟ್ಟೆ ತೊಡಿಸುವ ಸಹಾಯಕರು. ಆ ಸಹಾಯಕರನ್ನು ಆರಿಸುವವರು, ಕೆಲಸ ಕಲಿಸುವವರು, ಸರಿಹೋಗದಿದ್ದರೆ ಬಿಡಿಸುವವರು ನಾವೇ ಆಗಿರಬೇಕು. ಹೀಗೆ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಹುಟ್ಟಿತು. ಅಂಗವಿಕಲರೇ ನಡೆಸಿದ ಕೇಂದ್ರ. ರಸ್ತೆ ದಾಟುವಲ್ಲಿ ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿಸಿದ ಊರುಗಳಲ್ಲಿ ಬರ್ಕ್ಲಿಯೂ ಮುಂಚೂಣಿಯದು. ಮಾಡಿದ್ದು ಗಾಲಿಕುರ್ಚಿಗೆಂದು, ಉಪಯೋಗವಾದದ್ದು ಕೂಸಿನ ಗಾಡಿ ತಳ್ಳುವ ತಾಯಂದಿರಿಗೆ, ಮಂಡಿನೋವಿನ ಮುದುಕರಿಗೆ, ಸಾಮಾನು ಸಾಗಿಸುವ ಕೂಲಿಯವರಿಗೆ ಕೂಡ. 1975ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಎಡ್ ರಾಬರ್ಟ್ಸ್ ಅವರನ್ನು ಪುನರ್ವಸತಿ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿದರು. ಈತ ದುಡಿಯಲಾರ ಎಂದು ಷರಾ ಬರೆದಿದ್ದ ಅದೇ ಇಲಾಖೆಗೆ!

ಎಡ್ ತೀರಿಕೊಂಡದ್ದು 1995ರಲ್ಲಿ. ಕೊನೆಯವರೆಗೂ ಅವರು ತಾವಾಗಿ ಸ್ನಾನ ಮಾಡಲಾರರಾಗಿದ್ದರು. ಆದರೂ ಅವರದು ಸ್ವತಂತ್ರ ಬದುಕು. ಎಷ್ಟು ಹೊತ್ತಿಗೆ ಏಳಬೇಕು, ಯಾವ ಅಂಗಿ ತೊಡಬೇಕು, ಯಾರ ಮನೆಗೆ ಹೋಗಬೇಕು, ಯಾರನ್ನು ಮದುವೆಯಾಗಬೇಕು, ಎಲ್ಲವೂ ಅವರದೇ ತೀರ್ಮಾನ. ಕೈ ಇನ್ನೊಬ್ಬರದು, ಇಚ್ಛೆ ತಮ್ಮದು. ನಾವಾದರೂ ಯಾರ ಸಹಾಯವಿಲ್ಲದೆ ಬದುಕಿದ್ದೇವೆ? ನಲ್ಲಿಗೆ ನೀರು ಬಿಡುವವರಿದ್ದಾರೆ, ಬೆಳಗಿನ ಹಾಲು ತಲುಪಿಸುವವರಿದ್ದಾರೆ, ಬಸ್ಸು ಓಡಿಸುವವರಿದ್ದಾರೆ. ಅವರ ನೆರವು ಪಡೆದೆವೆಂದು ನಮ್ಮ ಬದುಕಿನ ತೀರ್ಮಾನಗಳನ್ನು ಅವರ ಕೈಗೆ ಒಪ್ಪಿಸಿಲ್ಲ. ಅಂಗವಿಕಲರಿಂದ ಮಾತ್ರ ನೆರವಿಗೆ ಬದಲಾಗಿ ಆ ಬೆಲೆಯನ್ನು ಕೇಳುತ್ತೇವೆ.

ನಮ್ಮ ಕಡೆ ಬನ್ನಿ. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ನಡೆಯಲಾರದ ಮಗಳನ್ನು ಸೊಂಟದ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದ ತಾಯಂದಿರು ನಮ್ಮ ಹಳ್ಳಿ ಹಳ್ಳಿಯಲ್ಲಿದ್ದಾರೆ. ಅವರ ಪಾದಕ್ಕೆ ನಮಸ್ಕರಿಸಿಯೇ ಒಂದು ಮಾತು ಹೇಳುತ್ತೇನೆ. ಆ ಪ್ರೀತಿ ಎಷ್ಟೋ ಸಲ ಮಗಳ ಪರವಾಗಿ ತಾನೇ ಬದುಕಿಬಿಡುತ್ತದೆ. ಮನೆಗೆ ಬಂದ ನೆಂಟರು ಅವಳ ಎದುರಿಗೇ "ಇವಳಿಗೆ ಕಾಫಿ ಕೊಡಬಹುದಾ?" ಎಂದು ತಾಯಿಯನ್ನು ಕೇಳುತ್ತಾರೆ. ಸರ್ಕಾರದ ಮಾಸಾಶನ ಅವಳ ಹೆಸರಿನ ಖಾತೆಗೇ ಬರುತ್ತದೆ. ಎಟಿಎಂ ಕಾರ್ಡು ಅಣ್ಣನ ಜೇಬಿನಲ್ಲಿರುತ್ತದೆ. ಮನೆಯವರೆಲ್ಲ ಮದುವೆಗೆ ಹೊರಟಾಗ, ಅಷ್ಟು ದೂರ ಅವಳಿಗೆ ಆಯಾಸ ಎಂದು ಅವಳನ್ನು ಕೇಳದೆಯೇ ತೀರ್ಮಾನವಾಗಿರುತ್ತದೆ. ಅವಳಿಗೆ ಮೂವತ್ತು ದಾಟಿದ್ದರೂ ಮನೆಯಲ್ಲಿ ಅವಳಿನ್ನೂ "ಪಾಪು".

ಇಲ್ಲಿ ಕೆಲವರು ಕೇಳುತ್ತಾರೆ: ಅವರ ಇಷ್ಟಕ್ಕೆ ಬಿಟ್ಟರೆ ತಪ್ಪು ಮಾಡಿಕೊಂಡರೆ? ಮಾಡಿಕೊಳ್ಳಬಹುದು. ನಾವೆಲ್ಲ ಮಾಡಿಕೊಂಡೇ ಬೆಳೆದವರು. ತಪ್ಪು ಕೆಲಸಕ್ಕೆ ಸೇರಿದೆವು, ಸಲ್ಲದವರಿಗೆ ಸಾಲ ಕೊಟ್ಟೆವು. ಯಾರೂ ನಮ್ಮ ಕೈಯಿಂದ ಬದುಕನ್ನು ಕಸಿದುಕೊಳ್ಳಲಿಲ್ಲ. ಬುದ್ಧಿಮಾಂದ್ಯತೆ ಇರುವ ಹುಡುಗ ದೊಡ್ಡ ಹಣದ ವ್ಯವಹಾರ ಮಾಡಲಾರ, ನಿಜ. ಎರಡು ಅಂಗಿಗಳಲ್ಲಿ ಇಷ್ಟವಾದದ್ದನ್ನು ಅವನು ಬೆರಳು ತೋರಿಸಿ ಆರಿಸಬಲ್ಲ. ಅಷ್ಟನ್ನು ಅವನಿಗೆ ಬಿಡಬೇಕು. ನಾಳೆ ಇನ್ನೂ ಸ್ವಲ್ಪ ಹೆಚ್ಚು ಬಿಡಬೇಕು.

ಇಂಥ ಮಕ್ಕಳ ತಂದೆತಾಯಿಗಳನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಒಂದೇ: ನಮ್ಮ ಕಾಲಾನಂತರ ಇವನ ಗತಿ ಏನು? ಈ ಪ್ರಶ್ನೆಯ ಭಾರ ಅನುಭವಿಸಿದವರಿಗೇ ಗೊತ್ತು. ಬುದ್ಧಿ ಹೇಳಿ ಮುಗಿಸುವಂಥದಲ್ಲ. ಆದರೆ ಉತ್ತರ ಶುರುವಾಗಬೇಕಾದದ್ದು ಅವರು ಇರುವಾಗಲೇ. ತಾಯಿ ಇರುವಾಗಲೇ ಮಗ ಅಕ್ಕಪಕ್ಕದವರಿಗೆ ಪರಿಚಯವಾಗಬೇಕು, ಅಂಗಡಿಗೆ ಹೋಗಿ ಬರಬೇಕು, ತಾಯಿಯಲ್ಲದ ಇನ್ನೊಬ್ಬರ ಕೈಯಿಂದ ನೆರವು ಪಡೆಯುವುದು ರೂಢಿಯಾಗಬೇಕು. ತಾಯಿ ಹೋದ ದಿನ ಮಗ ಎಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳಬಾರದೆಂದರೆ ಇದೇ ದಾರಿ.

ಇದನ್ನು ಮನೆಯವರ ತಲೆಗೇ ಕಟ್ಟಿ ಸಮಾಜ ಸುಮ್ಮನಿರುವಂತಿಲ್ಲ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಅನುಮೋದನೆ ಕೊಟ್ಟಿದೆ. ಅದರ 19ನೇ ವಿಧಿ ಸಮುದಾಯದ ನಡುವೆ ಸ್ವತಂತ್ರವಾಗಿ ಬಾಳುವ ಹಕ್ಕಿನ ಬಗ್ಗೆಯೇ ಇದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಇದನ್ನೇ ಹೇಳುತ್ತದೆ: ಇಂಥಲ್ಲೇ ಇರಬೇಕೆಂದು ಯಾರನ್ನೂ ಕಟ್ಟಿಹಾಕಬಾರದು, ಮನೆಯಲ್ಲೇ ಬಾಳಲು ಬೇಕಾದ ಸಹಾಯಕರ ನೆರವೂ ಸೇರಿದಂತೆ ಸೇವೆಗಳು ದೊರೆಯುವಂತೆ ಸರ್ಕಾರ ಶ್ರಮಿಸಬೇಕು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಸ್ನಾನ ಮಾಡಿಸಲು ಬರುವ ಸಹಾಯಕರಿಗೆ ಸಂಬಳ ಕೊಡುವ ಶಕ್ತಿ ಅವರಲ್ಲಿ ಎಷ್ಟು ಜನರ ಮನೆಗಳಿಗಿದೆ? ಕಾಯಿದೆ ಬರೆದಾಗಿದೆ. ಹಣ ಒದಗಿಸುವ ಕೆಲಸ ಬಾಕಿ ಇದೆ.

ದಾರಿ ತೋರಿದವರು ನಮ್ಮಲ್ಲೂ ಇದ್ದಾರೆ. ಬರ್ಕ್ಲಿಯ ಕೇಂದ್ರ ಹುಟ್ಟುವುದಕ್ಕೆ 13 ವರ್ಷ ಮೊದಲೇ, 1959ರಲ್ಲಿ, ತಾವೇ ಅಂಗವಿಕಲರಾಗಿದ್ದ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಎಂಬ ಸಂಸ್ಥೆಯನ್ನು ಕಟ್ಟಿದರು. ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿ ಕೈಕಾಲು ಕಳೆದುಕೊಂಡ ಡಾ. ಕೆ.ಎಸ್. ರಾಜಣ್ಣ ನಮ್ಮ ರಾಜ್ಯದ ಅಂಗವಿಕಲರ ಆಯುಕ್ತರಾಗಿ ಕೆಲಸ ಮಾಡಿದರು. 2024ರಲ್ಲಿ ಪದ್ಮಶ್ರೀ ಪಡೆದರು. ಇವರನ್ನು ಅಸಾಮಾನ್ಯರೆಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಸಾಮಾನ್ಯನಾಗಿ ಬದುಕಲು ಒಬ್ಬ ಮನುಷ್ಯ ಅಸಾಮಾನ್ಯನಾಗಬೇಕಾದ ಊರು ನ್ಯಾಯದ ಊರಲ್ಲ. ಹೆಚ್ಚಿನ ಸಾಹಸ ಯಾವುದನ್ನೂ ಮಾಡದ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ಟೀ ಕುಡಿದು ಮನೆಗೆ ಬರುವ ಬದುಕು ಎಲ್ಲರಿಗೂ ಸಿಗಬೇಕು.

ಅದಕ್ಕೆ ಬೇಕಾದದ್ದರಲ್ಲಿ ಕೆಲವು ತೀರಾ ಸಣ್ಣವು. ಒಂದು ಅಡಿ ಎತ್ತರದ ಹೊಸ್ತಿಲಿಗೆ ಗಾಲಿಕುರ್ಚಿ ಹತ್ತಬೇಕಾದರೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕೆಂಬುದು ಲೆಕ್ಕ. ನಮ್ಮ ಎಷ್ಟೋ ಕಚೇರಿಗಳಲ್ಲಿ ಮೂರು ಅಡಿಯಲ್ಲಿ ಮುಗಿಸಿ, ಮುಂದೆ ಬೈಕು ನಿಲ್ಲಿಸಿರುತ್ತಾರೆ. ಅದನ್ನು ಏರುವುದು ಗಾಲಿಕುರ್ಚಿಯವರಿಗಿರಲಿ, ಗಟ್ಟಿ ಕಾಲಿನವರಿಗೂ ಕಷ್ಟ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯಿದೆ ಕೊಟ್ಟಿದ್ದ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ.

ಕೇಳುಗರಲ್ಲಿ ನನ್ನ ಬೇಡಿಕೆ ಇಷ್ಟು. ಇಂದು ಅಂಗವಿಕಲರೊಬ್ಬರು ಎದುರಾದರೆ, ಜೊತೆಗಿರುವವರನ್ನು ಬಿಟ್ಟು ಅವರನ್ನೇ ಮಾತಾಡಿಸಿ. ಕೈ ಹಿಡಿಯುವ ಮುನ್ನ "ಸಹಾಯ ಬೇಕೆ?" ಎಂದು ಕೇಳಿ. ಬೇಡ ಎಂದರೆ ಬೇಸರಿಸಬೇಡಿ, ಬೇಕು ಎಂದರೆ ಹೇಗೆ ಎಂದು ಅವರಿಂದಲೇ ತಿಳಿಯಿರಿ. ನಿಮ್ಮ ಮನೆಯಲ್ಲೇ ಅಂಥವರಿದ್ದರೆ, ಅವರ ಬ್ಯಾಂಕ್ ಪಾಸ್‌ಬುಕ್ಕನ್ನು ಅವರ ಕೈಗೆ ಕೊಡಿ. ಮುಂದಿನ ಗ್ರಾಮಸಭೆಯನ್ನು ಗಾಲಿಕುರ್ಚಿ ತಲುಪಬಲ್ಲ ಜಾಗದಲ್ಲಿ ಸೇರಿಸಿ ಎಂದು ನಿಮ್ಮ ಪಂಚಾಯ್ತಿಯವರನ್ನು ಕೇಳಿ, ಊರಿನ ಅಂಗವಿಕಲರು ತಮ್ಮ ಬೇಡಿಕೆಯನ್ನು ತಾವೇ ಹೇಳಲಿ.