ಗುಡ್ಡದ ದಾರಿಗೆ ಯಾವ ಸೈಕಲ್ಲು?

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತವರು ಸಂಬಳ, ಬೋನಸ್ಸು, ರಜೆ ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಸೈಕಲ್ಲಿನ ವಿಷಯ ಹೇಳುತ್ತೇವೆ ಎಂದಾಗ ಕೆಲವರು ನಕ್ಕರು. ನಗಲಿ, ಬೇಸರವಿಲ್ಲ. ಇದೂ ಸಂಬಳದ ಮಾತೇ ಎಂಬುದು ಕೊನೆಯ ಹೊತ್ತಿಗೆ ಅವರಿಗೇ ತಿಳಿಯುತ್ತದೆ.

ಕಳೆದ ಮಳೆಗಾಲದಲ್ಲಿ ಪನವೇಲಿನ ಕಡೆಯ ಒಂದು ಹೋಟೇಲಿನ ನಮ್ಮ ಮೂವರು ಹುಡುಗರು ವಾರದ ರಜೆಯ ದಿನ ಹತ್ತಿರದ ಗುಡ್ಡಕ್ಕೆ ಹೋದರು. ಹೋದದ್ದು ಪಾರ್ಸೆಲ್ ಒಯ್ಯುವ ಕಪ್ಪು ಸೈಕಲ್ಲುಗಳಲ್ಲಿ. ಹತ್ತುವಾಗ ತಳ್ಳಿಕೊಂಡು ಹತ್ತಿದರು. ಇಳಿಯುವಾಗ ಊರಿನ ಗುಡ್ಡೆ ನೆನಪಾಗಿ ಹುರುಪು ಬಂತು. ಕಾಲುದಾರಿ ಪಾಚಿಗಟ್ಟಿತ್ತು. ರಿಮ್ಮು ಒದ್ದೆಯಾಗಿತ್ತು. ಕಡ್ಡಿ ಬ್ರೇಕು ಎಷ್ಟು ಹಿಚುಕಿದರೂ ಹಿಡಿಯಲಿಲ್ಲ. ಮೂವರಲ್ಲಿ ಕಿರಿಯವನು ಬಿದ್ದು ಹೆಗಲಿನ ಮುಂದಿನ ಎಲುಬು ಮುರಿಯಿತು. ನಾವು ಆಸ್ಪತ್ರೆಗೆ ಹೋದಾಗ ಆ ಹುಡುಗ ನೋವಿನ ಮಾತೆತ್ತಲಿಲ್ಲ. "ಅಣ್ಣಾ, ಈ ತಿಂಗಳು ಅಮ್ಮನಿಗೆ ಏನು ಕಳಿಸಲಿ?" ಎಂದು ಕೇಳಿದ. ಆರು ವಾರ ಟ್ರೇ ಎತ್ತುವಂತಿರಲಿಲ್ಲ. ಕೆಲಸವಿಲ್ಲದ ದಿನಕ್ಕೆ ಕೂಲಿಯೂ ಇರಲಿಲ್ಲ. ಸಂಘದ ಡಬ್ಬಿಯಿಂದ ಆದಷ್ಟು ಕೊಟ್ಟೆವು.

ಆಗ ಹಿರಿಯರೊಬ್ಬರು, "ಹೋಟೇಲಿನ ಹುಡುಗರಿಗೆ ಗುಡ್ಡದ ಉಸಾಬರಿ ಏಕಪ್ಪಾ? ರಜೆಯ ದಿನ ಮಲಗಬಾರದೇ?" ಎಂದರು. ಅವರ ಮೇಲೆ ನಮಗೆ ಗೌರವವಿದೆ. ಆದರೂ ಈ ಮಾತನ್ನು ನಾವು ಒಪ್ಪುವುದಿಲ್ಲ. ವಾರಕ್ಕೊಂದು ರಜೆ ಯಾರೂ ಕರೆದು ಕೊಟ್ಟದ್ದಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ ಅದು ಹೋಟೇಲಿನವರಿಗೂ ಇತ್ತು. ಮಹಾರಾಷ್ಟ್ರದ 2017ರ ಕಾನೂನಿನಲ್ಲೂ ಉಳಿಯಿತು. ಆರು ದಿನ ಕಾವಲಿಯ ಬೆಂಕಿಯೆದುರು ನಿಂತವನು ಏಳನೆಯ ದಿನ ಗಾಳಿ, ಮರ, ಮಣ್ಣು ನೋಡಬೇಕೆಂದರೆ ಅದು ತಪ್ಪಲ್ಲ. ತಪ್ಪಿದ್ದು ಸೈಕಲ್ಲಿನ ಆಯ್ಕೆಯಲ್ಲಿ. ಯಾವ ದಾರಿಗೆ ಯಾವ ಸೈಕಲ್ಲು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಲೋಪ ನಮ್ಮದು.

ಮೊದಲು ಈ ಗುಡ್ಡದ ಸೈಕಲ್ಲು ಹುಟ್ಟಿದ ಬಗೆಯನ್ನು ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸಾನ್‌ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಮರಿನ್ ಎಂಬ ಜಿಲ್ಲೆಯಿದೆ. ಅಲ್ಲಿ ಟಮಲ್ಪಾಯಿಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದಿಂದ ಇಳಿಸತೊಡಗಿದರು. ಅವು 1930, 40ರ ದಶಕಗಳಲ್ಲಿ ಶ್ವಿನ್ ಕಂಪೆನಿ ಮಾಡಿದ ಭಾರದ ಸೈಕಲ್ಲುಗಳು. ಮನೆಮನೆಗೆ ಪತ್ರಿಕೆ ಹಾಕುವ ಹುಡುಗರು ತುಳಿಯುತ್ತಿದ್ದಂಥವು. ಟಯರು ಎರಡು ಅಂಗುಲಕ್ಕೂ ಮಿಕ್ಕಿ ದಪ್ಪ. ಕಲ್ಲುದಾರಿಯಲ್ಲಿ ರೇಸಿನ ತೆಳು ಟಯರು ಒಡೆದುಹೋಗುತ್ತಿದ್ದರೆ ಈ ಮುದಿ ಸೈಕಲ್ಲುಗಳು ತಡೆದುಕೊಂಡವು. ಕೆಲಸದ ಹುಡುಗರ ಸೈಕಲ್ಲೇ ಬೆಟ್ಟದ ಸೈಕಲ್ಲಿನ ತಾಯಿ ಎಂಬುದನ್ನು ನೀವು ಮರೆಯಬಾರದು.

ಆದರೆ ಅವರಿಗೂ ನಮ್ಮ ಹುಡುಗನಿಗೆ ಬಂದ ತೊಂದರೆಯೇ ಬಂತು, ಬ್ರೇಕು ಸಾಲದಾಯಿತು. 1976ರಲ್ಲಿ ಅವರು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಇಳುಕಲಿನ ಪಂದ್ಯ ಆರಂಭಿಸಿದರು. ಸುಮಾರು 2 ಮೈಲಿನ ಮಣ್ಣುದಾರಿಯಲ್ಲಿ 1,300 ಅಡಿಯಷ್ಟು ಇಳಿಯಬೇಕು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೆ ಹಿಡಿಯುವ ಬ್ರೇಕು ಅವರದು. ಕೆಳಗೆ ಮುಟ್ಟುವ ಹೊತ್ತಿಗೆ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್', ಅಂದರೆ ಮತ್ತೆ ತುಂಬುವುದು, ಎಂದೇ ಹೆಸರಾಯಿತು. ಆಮೇಲೆ ಅವರು ಬೇರೆ ಸೈಕಲ್ಲಿನ ಗೇರನ್ನೂ ಮೋಟಾರು ಸೈಕಲ್ಲಿನ ಬ್ರೇಕು ಹಿಡಿಯನ್ನೂ ತಂದು ಜೋಡಿಸಿದರು. 1977ರಲ್ಲಿ ಜೋ ಬ್ರೀಜ್ ಎಂಬವರು ಬೆಟ್ಟಕ್ಕೆಂದೇ ಹೊಸ ಫ್ರೇಮು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಎಂಬ ಗೆಳೆಯರು ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಇಟ್ಟುಕೊಂಡು ಮಾರಾಟಕ್ಕೆ ನಿಂತರು. 1981ರಲ್ಲಿ ಇಂಥ ಸೈಕಲ್ಲು ಕಾರಖಾನೆಯಲ್ಲಿ ರಾಶಿಯಾಗಿ ತಯಾರಾಗತೊಡಗಿತು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಇದು ಪಂದ್ಯವೂ ಆಯಿತು.

ಈ ಕಥೆಯಿಂದ ನಾವು ಕಲಿಯತಕ್ಕದ್ದು ಒಂದಿದೆ. ಅವರು ಮೊದಲು ನೋಡಿದ್ದು ಟಯರು; ಅನಂತರ ಬ್ರೇಕು, ಗೇರು, ಫ್ರೇಮು. ಸ್ಪ್ರಿಂಗಿನ ಫೋರ್ಕು ಬಂದದ್ದು ಹತ್ತು ಹನ್ನೆರಡು ವರ್ಷಗಳ ಮೇಲೆ. ನಮ್ಮ ಹುಡುಗರು ಅಂಗಡಿಗೆ ಹೋದರೆ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಸ್ಪ್ರಿಂಗು ನೋಡುತ್ತಾರೆ, ಆಮೇಲೆ ಬಣ್ಣ, ಆಮೇಲೆ 'ಎಷ್ಟು ಗೇರು?' ಎಂಬ ಲೆಕ್ಕ. ಬ್ರೇಕನ್ನು ಕೇಳುವವರೇ ಇಲ್ಲ. ಅಂಗಡಿಯವನು ಕಂತಿನಲ್ಲಿ ಕೊಡುತ್ತೇನೆ ಎಂದರೆ ಮುಗಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಬಂಧುಗಳೇ. ಆದುದರಿಂದ ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಟಯರು. ನಮ್ಮ ಹಾಲಿನವರ ಕಪ್ಪು ಸೈಕಲ್ಲಿನ ಟಯರು ಒಂದೂವರೆ ಅಂಗುಲದ್ದು. ಟಾರು ರಸ್ತೆಗೆ ಒಳ್ಳೆಯದು. ಗುಡ್ಡದ ದಾರಿಗೆ ಎರಡು ಅಂಗುಲಕ್ಕೆ ಕಡಿಮೆಯಿಲ್ಲದ ಟಯರು ಬೇಕು. ಮಧ್ಯದಲ್ಲಿಯೂ ಎರಡು ಅಂಚುಗಳಲ್ಲಿಯೂ ಗಟ್ಟಿಯಾದ ಗುಬುಟುಗಳಿರಬೇಕು. ತಿರುವಿನಲ್ಲಿ ಮಣ್ಣು ಹಿಡಿಯುವುದು ಅಂಚಿನ ಗುಬುಟು. ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. ಟ್ಯೂಬಿರುವ ಇಂಥ ಟಯರಿಗೆ, ಅರುವತ್ತು ಎಪ್ಪತ್ತು ಕಿಲೋ ತೂಕದ ಆಳಿಗೆ, ಚದರ ಅಂಗುಲಕ್ಕೆ 30 ಪೌಂಡಿನ ಆಸುಪಾಸು ಸಾಕು. ಹೆಚ್ಚಾದರೆ ಚಕ್ರ ಕಲ್ಲಿನ ಮೇಲೆ ಪುಟಿಯುತ್ತದೆ. ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. ಚಕ್ರದಲ್ಲಿ 26, 27.5, 29 ಅಂಗುಲ ಎಂದು ಮೂರು ಅಳತೆಗಳಿವೆ. ದೊಡ್ಡ ಚಕ್ರ ಕಲ್ಲನ್ನು ಸುಲಭವಾಗಿ ದಾಟುತ್ತದೆ. ಗಿಡ್ಡ ಆಳಿಗೆ ಚಿಕ್ಕದು ಕೈಗೆ ಬರುತ್ತದೆ. ಯಾವುದಾದರೂ ಆಗಲಿ, ಅದರ ಟಯರು ಟ್ಯೂಬು ನಿಮ್ಮ ಬೀದಿಯ ಅಂಗಡಿಯಲ್ಲಿ ಸಿಗುವಂತಿರಲಿ.

ಎರಡನೆಯದು ಬ್ರೇಕು. ಕಡ್ಡಿ ಬ್ರೇಕು ಗುಡ್ಡಕ್ಕೆ ಬೇಡವೇ ಬೇಡ. ರಿಮ್ಮನ್ನು ಎರಡು ಬದಿಯಿಂದ ಹಿಡಿಯುವ, ತಂತಿಯ ನೆಟ್ಟನೆಯ ಕೈಗಳ ಬ್ರೇಕು ಒಣ ದಾರಿಗೆ ಸಾಕು, ರಿಮ್ಮು ಅಲ್ಯುಮಿನಿಯಮಿನದಾಗಿರಲಿ. ಕೆಸರಾದರೆ ಡಿಸ್ಕ್ ಬ್ರೇಕು ಮೇಲು. ಅದರ ತಟ್ಟೆ ಚಕ್ರದ ನಡುವೆ ಇರುವುದರಿಂದ ಕೆಸರಿಗೆ ದೂರ. ಇಲ್ಲಿ ಹೋಟೇಲಿನವರಿಗೆ ಒಂದು ಮುಖ್ಯ ಎಚ್ಚರಿಕೆ. ವಡೆ ಕರಿದ ಎಣ್ಣೆ ಕೈಯಿಂದ ಆ ತಟ್ಟೆಯನ್ನು ಮುಟ್ಟಬೇಡಿ. ಎಣ್ಣೆ ತಾಗಿದರೆ ಬ್ರೇಕಿನ ಬಿಲ್ಲೆ ಜಾರುತ್ತದೆ, ಕೊನೆಗೆ ಅದನ್ನೇ ಬದಲಾಯಿಸಬೇಕಾಗುತ್ತದೆ. ಇಳಿದು ಬಂದ ಕೂಡಲೆ ಬರಿಗೈಯಲ್ಲೂ ಮುಟ್ಟಬೇಡಿ, ಕಾವಲಿಯಂತೆ ಸುಡುತ್ತದೆ.

ಮೂರನೆಯದು ಮೈ ಅಳತೆ. ಚಿಕ್ಕಂದಿನಲ್ಲಿ ನಾವೆಲ್ಲ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವರು. ದೊಡ್ಡ ಸೈಕಲ್ಲು ದೊಡ್ಡಸ್ತಿಕೆ ಎಂಬ ಭ್ರಮೆ ಅಲ್ಲಿಂದ ಬಂದದ್ದು. ಗುಡ್ಡದಲ್ಲಿ ಅದು ನಡೆಯದು. ಸೈಕಲ್ಲಿನ ಮೇಲಿನ ಕೊಳವೆಗೆ ಅತ್ತಿತ್ತ ಕಾಲಿಟ್ಟು ನೆಲದ ಮೇಲೆ ನಿಂತರೆ, ನಿಮಗೂ ಕೊಳವೆಗೂ ನಡುವೆ ಎರಡು ಅಂಗುಲವಾದರೂ ಸಂದಿರಬೇಕು. ತುಳಿಯುವಾಗ ಸೀಟು ಎತ್ತರಿಸಿ. ಪೆಡಲು ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರಲಿ. ಕಡಿದಾದ ಇಳುಕಲು ಬಂದಾಗ ನಿಂತು ಸೀಟನ್ನು ತಗ್ಗಿಸಿಕೊಳ್ಳಿ. ಒಂದು ನಿಮಿಷದ ಕೆಲಸ, ಎಲುಬು ಉಳಿಯುತ್ತದೆ.

ನಾಲ್ಕನೆಯದು ಗೇರು. ಲೆಕ್ಕ ಇಪ್ಪತ್ತೊಂದೋ ಇಪ್ಪತ್ತನಾಲ್ಕೋ ಎಂಬುದು ಮುಖ್ಯವಲ್ಲ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ಅತಿ ದೊಡ್ಡದರಲ್ಲಿ ಹಲ್ಲು ಹೆಚ್ಚಿದೆಯೇ ಎಂದು ಎಣಿಸಿ ನೋಡಿ. ಮುಂದೆ 22, ಹಿಂದೆ 32 ಇದ್ದರೆ ಎಂಥ ಏರನ್ನೂ ಕುಳಿತೇ ಹತ್ತಬಹುದು.

ಐದನೆಯದು ಸ್ಪ್ರಿಂಗು. ಅಗ್ಗದ ಸೈಕಲ್ಲಿಗೆ ಹಿಂದೆ ಸ್ಪ್ರಿಂಗಿದ್ದರೆ ಕೈಮುಗಿದು ಬಿಟ್ಟುಬಿಡಿ. ತುಳಿದ ಬಲದಲ್ಲಿ ಒಂದು ಪಾಲು ಅದು ಕುಣಿಯುವುದಕ್ಕೇ ಹೋಗುತ್ತದೆ, ಭಾರ ಬೇರೆ. ಮುಂದಿನ ಫೋರ್ಕನ್ನು ಒತ್ತಿ ಬಿಡಿ. ಸಾವಕಾಶ ಮೇಲೇರಿದರೆ ಒಳ್ಳೆಯದು. ಚೆಂಡಿನಂತೆ ಎಗರಿದರೆ ಕಲ್ಲಿನ ಮೇಲೆ ನಿಮ್ಮನ್ನೂ ಹಾಗೆಯೇ ಎಗರಿಸುತ್ತದೆ. ಅಂಥದಕ್ಕಿಂತ ಸ್ಪ್ರಿಂಗಿಲ್ಲದ ಫೋರ್ಕು, ದಪ್ಪ ಟಯರು ಸಾವಿರ ಪಾಲು ವಾಸಿ.

ಹೊಸದೇ ಬೇಕೆಂದಿಲ್ಲ. ಈ ನಗರದ ಬಿಲ್ಡಿಂಗುಗಳ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತ ಸೈಕಲ್ಲುಗಳು ಎಷ್ಟೋ ಇವೆ. ವಾಚ್‌ಮನ್ನರನ್ನು ಕೇಳಿ, ಯಜಮಾನರೊಡನೆ ಮಾತಾಡಿ ಕೊಂಡರೆ ಒಳ್ಳೆಯ ಮಾಲು ಅರ್ಧ ಬೆಲೆಗೂ ಸಿಗುವುದುಂಟು. ಆದರೆ ಫ್ರೇಮಿನ ಬೆಸುಗೆಗಳನ್ನು, ಅದರಲ್ಲೂ ಹ್ಯಾಂಡಲ್ಲಿನ ಕೆಳಗೂ ಪೆಡಲಿನ ಬಳಿಯೂ, ಬಟ್ಟೆಯಿಂದ ಒರೆಸಿ ನೋಡಿ. ಬಿರುಕು ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಚಕ್ರ ತಿರುಗಿಸಿ, ಓಲಾಡುತ್ತದೆಯೇ ನೋಡಿ. ಮುಂದಿನ ಬ್ರೇಕು ಹಿಡಿದು ಹಿಂದಕ್ಕೂ ಮುಂದಕ್ಕೂ ತಳ್ಳಿ. ಹ್ಯಾಂಡಲ್ಲಿನ ಬುಡದಲ್ಲಿ ಕಟಕಟ ಎಂದರೆ ಬಿಗಿ ಮಾಡಿಸಬೇಕು.

ಹೆಲ್ಮೆಟ್ಟನ್ನು ಮಾತ್ರ ಹಳೆಯದು ಕೊಳ್ಳಬೇಡಿ. ಒಮ್ಮೆ ಪೆಟ್ಟು ತಿಂದದ್ದು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರುತ್ತದೆ. ಇ.ಎನ್. 1078 ಎಂಬ ಗುರುತಿದ್ದರೆ ಅದು ಸೈಕಲ್ಲಿಗೆಂದು ಪರೀಕ್ಷೆಯಾದದ್ದು ಎಂದರ್ಥ.

ಇನ್ನು ದಾರಿಯ ಮಾತು. ಇಳಿಯುವಾಗ ಎರಡು ಪೆಡಲೂ ನೆಲಕ್ಕೆ ಸಮವಾಗಿರಲಿ, ಸೀಟಿನಿಂದ ಮೇಲೆದ್ದು ಮೈಯನ್ನು ಹಿಂದಕ್ಕೆ ಹಾಕಿ. ಕಣ್ಣು ಚಕ್ರದ ಮೇಲಲ್ಲ, ಹತ್ತು ಹೆಜ್ಜೆ ಮುಂದೆ ಇರಬೇಕು. ಎರಡು ಬ್ರೇಕನ್ನೂ ಮೆಲ್ಲಗೆ, ತಿರುವಿಗೆ ಮೊದಲೇ ಹಿಡಿಯಿರಿ. ಭಯವಾದಲ್ಲಿ ಇಳಿದು ನಡೆಯಿರಿ. ಇಂಗ್ಲೆಂಡಿನಲ್ಲಿ 1955ರಲ್ಲೇ 'ರಫ್ ಸ್ಟಫ್ ಫೆಲೋಷಿಪ್' ಎಂಬ ಕೂಟ ಕಟ್ಟಿಕೊಂಡವರು ಸಾಧಾರಣ ಸೈಕಲ್ಲುಗಳಲ್ಲಿ ಬೆಟ್ಟದ ಕಾಲುದಾರಿ ಹಿಡಿಯುತ್ತಿದ್ದರು. ದಾರಿ ಕೆಟ್ಟಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಅವರಿಗಿಲ್ಲದ ನಾಚಿಕೆ ನಮಗೇಕೆ?

ಸಹ್ಯಾದ್ರಿಯ ತಪ್ಪಲಿನಲ್ಲಿ, ಕರ್ಜತಿನ ಕಡೆ, ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿಜಾಡುಗಳು ಕಲಿಯುವವರಿಗೆ ಯೋಗ್ಯ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗಿ. ಕೆಸರಿನಲ್ಲಿ ತುಳಿದರೆ ನಾವು ಬೀಳುವುದಷ್ಟೇ ಅಲ್ಲ. ಚಕ್ರದ ಗೆರೆಯಲ್ಲಿ ನೀರು ಹರಿದು ಹಳ್ಳಿಯವರ ದಾರಿ ಕೊಚ್ಚಿಹೋಗುತ್ತದೆ. ಆ ದಾರಿ ಅವರ ಸೌದೆಗೆ, ನೀರಿಗೆ, ಶಾಲೆಗೆ ಬೇಕಾದದ್ದು. ತಲೆಹೊರೆಯವರು ಎದುರಾದರೆ ಇಳಿದು ನಿಲ್ಲಿ. ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋದವರು ಕನ್ಹೇರಿ ಗುಹೆಗಳಿಗೆ ಏರುವ ಟಾರು ರಸ್ತೆ ಬಿಟ್ಟು ಕಾಡಿಗೆ ಇಳಿಯಬಾರದು. ಅದು ಚಿರತೆಯ ಮನೆ, ಕಾನೂನೂ ಬಿಡುವುದಿಲ್ಲ.

ಈಗ ಸಂಬಳದ ಮಾತಿಗೆ ಬಂದೆವು. ಒಳ್ಳೆಯ ಸೈಕಲ್ಲು ಒಬ್ಬೊಬ್ಬರೂ ಕೊಳ್ಳುವುದು ನಮ್ಮ ಕೈಯಲ್ಲಾಗದು. ಕೆಟ್ಟದ್ದನ್ನು ಕಂತಿನಲ್ಲಿ ಕೊಂಡರೆ ಸಾಲವೂ ಉಳಿಯುತ್ತದೆ, ಎಲುಬೂ ಮುರಿಯುತ್ತದೆ. ನಮ್ಮ ವಾರದ ರಜೆಗಳೂ ಒಂದೇ ದಿನ ಬರುವುದಿಲ್ಲ. ಸೋಮವಾರ ಒಬ್ಬನಿಗೆ, ಬುಧವಾರ ಇನ್ನೊಬ್ಬನಿಗೆ. ಹಾಗಿದ್ದ ಮೇಲೆ ಒಂದು ಸೈಕಲ್ಲು ವಾರದಲ್ಲಿ ಆರು ಜನರಿಗೆ ಆಗಬಾರದೇಕೆ? ಸಂಘದ ವತಿಯಿಂದ ಎರಡು ಸೈಕಲ್ಲು ಕೊಳ್ಳೋಣ. ಒಂದು ಎತ್ತರದವರಿಗೆ, ಒಂದು ಗಿಡ್ಡ ಆಳಿಗೆ. ಜೊತೆಗೆ ಎರಡು ಹೊಸ ಹೆಲ್ಮೆಟ್ಟು, ಒಂದು ಪಂಪು, ಪಂಕ್ಚರ್ ಸಾಮಾನು. ಒಯ್ದವರು ಪುಸ್ತಕದಲ್ಲಿ ಹೆಸರು ಬರೆದು, ತೊಳೆದು, ಚೈನಿಗೆ ಎಣ್ಣೆ ಬಿಟ್ಟು ತಂದೊಪ್ಪಿಸತಕ್ಕದ್ದು. ಗಿರಣಿಯಲ್ಲಿ ಯಂತ್ರಗಳೊಡನೆ ಬಾಳಿದ ನಮ್ಮ ಹಿರಿಯರು ತಿಂಗಳಿಗೊಮ್ಮೆ ಬ್ರೇಕು, ಬೇರಿಂಗು ನೋಡಿಕೊಡಲು ಒಪ್ಪಿದ್ದಾರೆ. ಅವರ ಕೈಗುಣ ನಮಗೆ ಗೊತ್ತಿದೆ.

ಬಿದ್ದ ಹುಡುಗ ಇಂದು ಸಭೆಯ ಕೊನೆಯ ಸಾಲಿನಲ್ಲಿ ಕುಳಿತಿದ್ದಾನೆ. ಹೆಗಲು ಕೂಡಿದೆ, ಕೆಲಸಕ್ಕೆ ಮರಳಿದ್ದಾನೆ. "ಇನ್ನು ಗುಡ್ಡಕ್ಕೆ ಹೋಗುತ್ತೀಯಾ ತಮ್ಮಾ?" ಎಂದು ನಾವು ನಿನ್ನೆ ಕೇಳಿದೆವು. "ಬ್ರೇಕು ಇದ್ದರೆ ಹೋಗುತ್ತೇನೆ" ಎಂದ. ಬಾಗಿಲ ಬಳಿ ಡಬ್ಬಿ ಇಟ್ಟಿದ್ದೇವೆ. ನಿಮ್ಮಿಂದ ಆದಷ್ಟು ಹಾಕಿ ಹೋಗಿರಿ.