ಮೇದ ನೆಲಕ್ಕೆ ಬೆಂಕಿ ಹತ್ತದು
(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರದ ದೀಪ ಹಚ್ಚಿದರು. ನಾವು ಇವತ್ತು ಬ್ಯಾರೆ ಬೆಂಕಿಯ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇವೆ.

ಮುಚ್ಚಿಡುವುದೇನಿದೆ? ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ಕಬ್ಬಿನ ರವದಿಗೆ ನಾವೇ ಕಡ್ಡಿ ಗೀರಿದೆವು. ಗಾಳಿ ತಿರುಗಿತು. ಬದುವಿನ ಒಣ ಹುಲ್ಲಿಗೆ ಹತ್ತಿ, ಮಗ್ಗಲ ಹೊಲದ ಬಣವಿ ಬೂದಿಯಾಯಿತು. ಆ ಹೊಲದ ಕಾಕಾ, "ಆಗೂದು ಆತು, ಬಿಡಪಾ" ಅಂದರು. ಆದರೆ ಮೇವಿಲ್ಲದೆ ಆ ಬೇಸಿಗೆಯಲ್ಲಿ ಒಂದು ಎತ್ತು ಮಾರಿದರು. ನಾವು ನಮ್ಮ ಬಣವಿಯ ಅರ್ಧ ಕೊಟ್ಟೆವು. ಹೋದ ಎತ್ತು ತಿರುಗಿ ಬರಲಿಲ್ಲ.

ಅಂದು ಬೆಂಕಿ ನಿಂತದ್ದು ಎಲ್ಲಿ? ಕುರಿ ತರುಬಿದ್ದ ಹೊಲದ ಅಂಚಿನಲ್ಲಿ. ಅಲ್ಲಿ ಸುಡಲು ಹುಲ್ಲೇ ಉಳಿದಿರಲಿಲ್ಲ. ಬೆಂಕಿಗೆ ಗಾಳಿ, ಕಾವು, ಉರುವಲು ಮೂರೂ ಬೇಕು. ಗಾಳಿ, ಬಿಸಿಲು ನಮ್ಮ ಕೈಯಲ್ಲಿಲ್ಲ. ಹುಲ್ಲು ನಮ್ಮ ಕೈಯಲ್ಲಿದೆ.

ಸ್ಪೇನ್ ದೇಶದ ಆಂಡಲೂಸಿಯಾದಲ್ಲಿ ಕಾಡಿನ ಬೆಂಕಿ ರೇಖೆಗಳನ್ನು ಮೇಯಿಸಲು ಕುರಿಗಾರರಿಗೆ ಸರಕಾರವೇ ಹಣ ಕೊಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಡಿನ ಹಿಂಡು ಬಾಡಿಗೆಗೆ ಸಿಗುತ್ತದೆ. ನಮ್ಮ ಭಾಗದಲ್ಲಿ ಡೆಕ್ಕನಿ ಕುರಿಯ ಮಂದೆಯೇ ಇದೆ. ಹಿಂದೆ ಕುರಿ ತರುಬಿದವರಿಗೆ ಕಾಳು ಕೊಟ್ಟು ಗೊಬ್ಬರ ಪಡೆಯುತ್ತಿದ್ದೆವು. ಈಗ ಅವರನ್ನು ಕಂಡರೆ ಹೊಲದಿಂದ ಅಟ್ಟುತ್ತೇವೆ.

ಹಾಗಂತ ದನ ಕುರಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಬಲಿತು ಒಣಗಿದ ಕರಡವನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಲಂಟಾನ ಅವಕ್ಕೆ ವಿಷ, ಅದನ್ನು ನಾವೇ ಕಡಿಯಬೇಕು. ಮಿತಿ ಮೀರಿ ಮೇಯಿಸಿದರೆ ಗುಡ್ಡದ ಮಣ್ಣು ಮಳೆಗೆ ಕೊಚ್ಚಿ ಹೋಗುತ್ತದೆ. ಹೊಸ ಸಸಿ ಇದ್ದಲ್ಲಿ ಆಡು ಬಿಡಲೇಬಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟಿತು. ಆದರೂ ಹುಲಿ ಇರುವ ಕಾಡಿಗೆ ದನ ಹೊಡೆಯಿರಿ ಎಂದು ನಾವು ಹೇಳುವುದಿಲ್ಲ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಷಕ್ಕೆ ಐದು ಹುಲಿ ಸತ್ತವು. ಅದರ ಹಿಂದೆ ಇದ್ದದ್ದು ಒಂದು ಆಕಳಿನ ಸಾವಿನ ಸಿಟ್ಟು. ನಮ್ಮ ಮಾತು ಗಾಯರಾಣ, ಬದು, ರಸ್ತೆ ಬದಿಯದು. ಅರಣ್ಯದ ಗಡಿ ಬಂದರೆ ಇಲಾಖೆಯ ಅಪ್ಪಣೆ ಬೇಕು.

ಆದ್ದರಿಂದ ಸದಸ್ಯರ ಮುಂದೆ ಮೂರು ಮಾತು ಇಡುತ್ತೇವೆ. ದೀಪಾವಳಿ ಮುಗಿದ ಕೂಡಲೇ, ಹುಲ್ಲು ಹಸಿ ಇರುವಾಗಲೇ, ಕುರಿಗಾರರನ್ನು ಕರೆದು ಸರದಿಯಂತೆ ಮೇಯಿಸೋಣ. ಊರಿಗೂ ಗುಡ್ಡಕ್ಕೂ ನಡುವಿನ ಪಟ್ಟಿಯ ಹುಲ್ಲು ಕೊಯ್ದು ಮೇವಿಗೆ ಒಟ್ಟೋಣ. ರವದಿ ಸುಡದೆ ಸಾಲಿನಲ್ಲಿ ಹರವಿ ಕೊಳೆಸೋಣ. ಕುರಿಗಾರರ ಕೂಲಿಗೆ ಸಂಘವೂ ರೈತರೂ ಪಾಲು ಹಾಕೋಣ.

ಎತ್ತು ಮಾರಿದ ಆ ಕಾಕಾ ಇವತ್ತು ಇದೇ ಸಭೆಯಲ್ಲಿ ಕೂತಿದ್ದಾರೆ. ಅವರ ಮುಂದೆ ನಿಂತು ಇಷ್ಟು ಹೇಳಿದೆವು. ತಪ್ಪಿದ್ದರೆ ತಿದ್ದಬೇಕು, ಸರಿಯಿದ್ದರೆ ಕೈಗೂಡಿಸಬೇಕು.

ಜೈ ಸಹಕಾರ, ಜೈ ಕರ್ನಾಟಕ.